ಕುಟುಂಬಕ್ಕೆ ಈಗಾಗಲೇ ತಿಳಿಸಲಾಗಿದೆ

ಜ್ವರ ಬಿಟ್ಟ ಮೇಲೆ ಮೊದಲ ಸಲ ಲೈಬ್ರರಿಯ ಹಿಂದಿನ ಕೋಣೆಗೆ ಕಾಲಿಟ್ಟ ಅಂಚೆಯಣ್ಣನಿಗೆ ಎದುರು ಗೋಡೆಯ ಮೇಲೆ ತನ್ನದೇ ಕೈಬರಹ ಕಾಣಿಸಿತು.

ಅವನ ಕೈಬರಹ ಆ ಕೋಣೆಯಲ್ಲಿ ಇರುವುದು ಹೊಸದೇನಲ್ಲ. ಅಲ್ಲಿನ ಮುನ್ನೂರು ಚಿಲ್ಲರೆ ರಟ್ಟಿನ ಡಬ್ಬಗಳ ಮೇಲೆ ಅಂಟಿಸಿದ ಚೀಟಿಗಳನ್ನೆಲ್ಲ ಬರೆದವನು ಅವನೇ. ಕೊನೆಯ ಅಕ್ಷರದ ಬಾಲವನ್ನು ಒಂದಿಷ್ಟು ಎಳೆದು ಬಿಡುವ ಚಂದದ ಬರಹ. ನೋಡಿದವರು ಹೊಗಳದೆ ಹೋಗುತ್ತಿರಲಿಲ್ಲ. ಆದರೆ ಗೋಡೆಯ ಮೇಲಿದ್ದದ್ದು ಚೀಟಿಯಲ್ಲ. ಅಂಗೈಯಗಲದ ಹಳೆಯ ಅಂಚೆ ರಸೀದಿಯೊಂದನ್ನು ಪೇಪರಿನ ಪುಟದಷ್ಟು ದೊಡ್ಡದು ಮಾಡಿ ನಾಲ್ಕು ಮೂಲೆಗೂ ಪಿನ್ನು ಚುಚ್ಚಿದ್ದರು. ಟೆಲಿಗ್ರಾಂ ತಲುಪಿದೆ ಎಂದು ಅಚ್ಚಾದ ಸಾಲಿನ ಕೆಳಗೆ ಒಬ್ಬ ಹೆಂಗಸಿನ ಸಹಿ. ಆ ಸಹಿ ಹಾಕಿದ್ದು ಆ ಹೆಂಗಸಲ್ಲ, ಅಂಚೆಯಣ್ಣ. ನಲವತ್ನಾಲ್ಕು ವರ್ಷದ ಹಿಂದೆ ಒಂದು ಸಂಜೆ, ಪೋಸ್ಟಾಫೀಸಿನ ಕೌಂಟರ್ ಮುಚ್ಚಲು ಹತ್ತು ನಿಮಿಷ ಇದ್ದಾಗ.

ಅಂಚೆಯಣ್ಣ ಕೈಯಲ್ಲಿದ್ದ ಕೊಡೆಯನ್ನು ಎಲ್ಲಿಡಬೇಕೆಂದು ತೋಚದೆ ಅದನ್ನು ಹಿಡಿದುಕೊಂಡೇ ಕುರ್ಚಿಯಲ್ಲಿ ಕೂತ. ಮುಖ ಬಿಳಿಚಿಕೊಂಡಿದ್ದನ್ನು ನೋಡಿ, ಜ್ವರ ಇನ್ನೂ ಪೂರ್ತಿ ಬಿಟ್ಟಿಲ್ಲ ಅಂತ ಜೊತೆಯವರು ಅಂದುಕೊಂಡರು. ಹಾಗೆಯೇ ಅಂದುಕೊಳ್ಳಲಿ ಎಂದು ಅವನೂ ಎರಡು ಸಲ ಕೆಮ್ಮಿದ.

ಈ ಕೋಣೆಯಲ್ಲಿ ನಡೆಯುವ ಕೆಲಸವೇನೆಂದು ಮೊದಲು ಹೇಳಿಬಿಡುತ್ತೇನೆ. ನಲವತ್ನಾಲ್ಕು ವರ್ಷದ ಹಿಂದೆ ನಡೆದ ಯುದ್ಧಕ್ಕೆ ಹೋಗಿ ಸತ್ತವರು ಸಾವಿರದ ನೂರ ನಲವತ್ತು ಜನ. ಸೋತ ಯುದ್ಧ. ಕಳಿಸಿದ ಸರ್ಕಾರ ವರ್ಷದೊಳಗೆ ಬಿದ್ದುಹೋಯಿತು, ಆಮೇಲೆ ಬಂದವರು ಅದರ ಸುದ್ದಿಯನ್ನೇ ಎತ್ತಲಿಲ್ಲ. ಸತ್ತವರ ಕಾಗದಪತ್ರಗಳನ್ನು ಗೋಣಿಚೀಲಕ್ಕೆ ತುಂಬಿ ಒಂದು ಗೋದಾಮಿನ ಮೂಲೆಗೆ ಎಸೆದು ಕೈತೊಳೆದುಕೊಂಡರು. ಐದು ವರ್ಷದ ಹಿಂದೆ ಗೋದಾಮು ಕೆಡವುವಾಗ ಆ ಚೀಲಗಳು ಹೊರಬಂದು, ಯಾರಿಗೂ ಬೇಡವಾಗಿ, ಕೊನೆಗೆ ಈ ಲೈಬ್ರರಿಯ ಪಾಲಾದವು. ಮುರಿದ ಬೆಂಚು ಇಡುವ ಕೋಣೆಯನ್ನು ಖಾಲಿ ಮಾಡಿಸಿ, ಒಬ್ಬೊಬ್ಬ ಸಿಪಾಯಿಗೆ ಒಂದೊಂದು ಡಬ್ಬ ಎಂದು ಲೆಕ್ಕ ಹಾಕಿ ಕೂತವರು ಟೀಚರಮ್ಮ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ಅವರ ಅಣ್ಣನ ಹೆಸರೂ ಆ ಪಟ್ಟಿಯಲ್ಲಿತ್ತು. ಅವರ ಜೊತೆಗೆ ಎದುರಿನ ರಸ್ತೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದ ಒಬ್ಬ ದಪ್ಪನೆಯ ಆಸಾಮಿ. ಅವನ ನಿಜವಾದ ಹೆಸರನ್ನು ಅವನ ಹೆಂಡತಿಯೂ ಮರೆತಿರಬೇಕು, ಎಲ್ಲರಿಗೂ ಅವನು ಜೆರಾಕ್ಸ್. ಮೂರನೆಯವನು ಅಂಚೆಯಣ್ಣ.

ಚೀಲ ಬಿಚ್ಚುವುದು, ಹೆಸರು ಓದುವುದು, ಹಳೆಯ ಶಾಲಾ ರಿಜಿಸ್ಟರು, ವೋಟರ್ ಪಟ್ಟಿ ತಡಕಾಡಿ ಮನೆಯವರನ್ನು ಹುಡುಕುವುದು ಮೂವರ ಕೆಲಸ. ಮನೆ ಸಿಕ್ಕಿದ ಮೇಲೆ ಬಾಗಿಲಿಗೆ ಹೋಗುವುದು ಮಾತ್ರ ಅಂಚೆಯಣ್ಣನ ಕೆಲಸ. ಅದರಲ್ಲಿ ಅವನನ್ನು ಮೀರಿಸುವವರಿಲ್ಲ. ಹೊಸ್ತಿಲಲ್ಲಿ ನಿಂತು ಏನನ್ನೂ ಹೇಳುತ್ತಿರಲಿಲ್ಲ. ಕುಡಿಯಲು ನೀರು ಕೇಳಿ, ಒಳಗೆ ಹೋಗಿ, ಮನೆಯವರು ಕೂತಿದ್ದಾರೆಂದು ಖಾತ್ರಿ ಮಾಡಿಕೊಂಡು, ಆಮೇಲೆ ಡಬ್ಬದಲ್ಲಿದ್ದ ಕಾಗದಗಳನ್ನು ನಿಧಾನವಾಗಿ ಓದಿ ಹೇಳುತ್ತಿದ್ದ. ನಾಲ್ಕು ವರ್ಷದಲ್ಲಿ ಹಾಗೆ ಎಂಬತ್ತಮೂರು ಮನೆಗೆ ಹೋಗಿ ಬಂದಿದ್ದ. ಎಂಥ ದೊಡ್ಡ ಮನಸ್ಸು ಅಂತ ಟೀಚರಮ್ಮ ಕಂಡಕಂಡವರ ಹತ್ತಿರ ಹೇಳಿಕೊಂಡು ಬರುತ್ತಿದ್ದರು.

ದೊಡ್ಡ ಮನಸ್ಸೂ ಇಲ್ಲ, ಮಣ್ಣೂ ಇಲ್ಲ. ಅವನು ಆ ಕೋಣೆಗೆ ಬಂದು ಸೇರಿದ್ದು ಭಯದಿಂದ. ಚೀಲಗಳು ಸಿಕ್ಕಿವೆ ಎಂಬ ಸುದ್ದಿ ಓದಿದ ದಿನವೇ ಅವನಿಗೆ ಗೊತ್ತಾಗಿತ್ತು, ಯಾವುದೋ ಒಂದು ಚೀಲದ ತಳದಲ್ಲಿ ತನ್ನ ರಸೀದಿ ಕೂತಿದೆ ಅಂತ. ಬೇರೆ ಯಾರ ಕಣ್ಣಿಗೂ ಬೀಳುವ ಮೊದಲು ಅದು ತನ್ನ ಕೈಗೆ ಸಿಗಬೇಕು, ಸದ್ದಿಲ್ಲದೆ ಜೇಬಿಗಿಳಿಯಬೇಕು, ಅಷ್ಟೇ. ನಾಲ್ಕು ವರ್ಷ ಒಂದು ದಿನವೂ ರಜೆ ಮಾಡದೆ ಪ್ರತಿ ಚೀಲವನ್ನೂ ತಾನೇ ಬಿಚ್ಚಿದ. ಕೊನೆಗೆ ಹಾಳಾದ್ದು ಜ್ವರ ಬಂತು, ಮೂರು ದಿನ ಮಲಗಿದ, ಆ ಮೂರು ದಿನದಲ್ಲೇ ಅದು ಹೊರಬಿತ್ತು.

ಟೀಚರಮ್ಮ ಡಬ್ಬದ ಮುಚ್ಚಳ ತೆಗೆದು ಒಂದೊಂದೇ ಕಾಗದವನ್ನು ಮೇಜಿನ ಮೇಲೆ ಹರಡಿದರು. ಸಿಪಾಯಿಯ ಫೋಟೋ, ಇಪ್ಪತ್ತಮೂರರ ಹುಡುಗ, ಕಿವಿಗಳು ಒಂದಿಷ್ಟು ಮುಂದಕ್ಕೆ ಚಾಚಿದ್ದವು. ಅವನಿದ್ದ ತುಕಡಿ ನದಿ ದಾಟುವಾಗ ಪೂರ್ತಿ ನಾಶವಾಗಿತ್ತು, ಊರಿಗೆ ಬಂದು ಸುದ್ದಿ ಹೇಳುವುದಕ್ಕೆ ಒಬ್ಬನೂ ಉಳಿದಿರಲಿಲ್ಲ. ಆಮೇಲೆ ರಸೀದಿ. ಅದರ ಹಿಂದೆ ಪಿನ್ನು ಹಾಕಿ ಇಟ್ಟಿದ್ದ ಐದು ಪತ್ರಗಳು, ಎಲ್ಲವೂ ಸಿಪಾಯಿಯ ಹೆಂಡತಿ ಸೈನ್ಯದ ಕಚೇರಿಗೆ ಬರೆದವು. ನನ್ನ ಗಂಡ ಎಲ್ಲಿದ್ದಾರೆ, ದಯವಿಟ್ಟು ತಿಳಿಸಿ. ಐದಕ್ಕೂ ಕಚೇರಿ ಕಳಿಸಿದ ಉತ್ತರದ ನಕಲು ಒಂದೇ: ಈ ವಿಷಯವನ್ನು ಕುಟುಂಬಕ್ಕೆ ಈಗಾಗಲೇ ತಿಳಿಸಲಾಗಿದೆ. ಯಾವ ವಿಷಯ ಅಂತ ಒಬ್ಬ ಪುಣ್ಯಾತ್ಮನೂ ಬರೆದಿರಲಿಲ್ಲ. ಯಾವ ವಿಷಯ ತಿಳಿಸಿದ್ದೀರಿ ಸ್ವಾಮಿ, ನನಗೇನೂ ತಿಳಿದಿಲ್ಲ ಎಂದು ಆಕೆ ಮೂರನೆಯ ಪತ್ರದಲ್ಲಿ ಕೇಳಿದ್ದಳು. ಅದಕ್ಕೂ ಅದೇ ಉತ್ತರ.

"ಮೊದಲನೇ ಪತ್ರ ನೋಡಿ," ಅಂದರು ಟೀಚರಮ್ಮ. "ಯಾರ ಕೈಲೋ ಬರೆಸಿದ್ದಾರೆ, ಕೆಳಗೆ ಹೆಬ್ಬೆಟ್ಟು ಒತ್ತಿದ್ದಾರೆ. ಈ ರಸೀದಿ ಅದಕ್ಕಿಂತ ಮೂರು ತಿಂಗಳು ಹಿಂದಿನದು. ಹೆಬ್ಬೆಟ್ಟೊತ್ತೋ ಹುಡುಗಿ ಮೂರು ತಿಂಗಳ ಹಿಂದೆ ಇಷ್ಟು ಮುತ್ತಿನ ಥರ ಸೈನ್ ಹಾಕಿದ್ಲಾ?"

 ಇಷ್ಟು ವರ್ಷ ಎಲ್ಲವನ್ನೂ ಯೋಚಿಸಿದ್ದ ಅಂಚೆಯಣ್ಣ ಇದೊಂದನ್ನು ಯೋಚಿಸಿರಲಿಲ್ಲ. ಆಕೆಗೆ ಓದು ಬರಹ ಬರುವುದಿಲ್ಲವೆಂದು ಅವನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಗಂಡ ಬರೆದ ಕಾಗದಗಳನ್ನು ಹೊಸ್ತಿಲಲ್ಲಿ ನಿಂತು ಅವಳಿಗೆ ಓದಿ ಹೇಳುತ್ತಿದ್ದವನೇ ಅವನು.

ಆಗ ಅವನಿಗೆ ಇಪ್ಪತ್ತೆರಡು. ಸಿಪಾಯಿಯ ಊರಿನಲ್ಲಿ ಪೋಸ್ಟ್‌ಮ್ಯಾನ್ ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. ಯುದ್ಧ ಶುರುವಾದ ಮೇಲೆ ಅವನ ಸೈಕಲ್ ಬೆಲ್ ಕೇಳಿದರೆ ಸಾಕು, ಜನ ಮಕ್ಕಳನ್ನು ಒಳಗೆಳೆದುಕೊಂಡು ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಂದು ವಾರದಲ್ಲಿ ಆರು ಸಾವಿನ ತಂತಿ ಕೊಟ್ಟಿದ್ದ. ಆರನೆಯದನ್ನು ಓದಿ ಮುಗಿಸುವಷ್ಟರಲ್ಲಿ ಸಿಪಾಯಿಯ ಅಪ್ಪ, ಗಟ್ಟಿಮುಟ್ಟಾದ ಬಡಗಿ, ಅವನ ಕಾಲ ಬಳಿಯೇ ಕುಸಿದು ಬಿದ್ದವನು ಮತ್ತೆ ಏಳಲಿಲ್ಲ. ಏಳನೆಯ ತಂತಿ ಹಿಡಿದು ಈ ಮನೆಗೆ ಹೋದಾಗ ಬಾಗಿಲು ತೆಗೆದವಳು ದಿನ ತುಂಬಿದ ಬಸುರಿ. ಒಂದು ಕೈ ಸೊಂಟದ ಮೇಲೆ, ಒಂದು ಕೈ ಬಾಗಿಲ ಮೇಲೆ. ಮುಖದಲ್ಲಿ ನಗು. ಗಂಡನ ಕಾಗದ ಬಂತೆಂದೇ ಅವಳು ತಿಳಿದಿದ್ದಳು. ಅಂಚೆಯಣ್ಣ ಜೇಬಿಗೆ ಕೈ ಹಾಕಿದ. ಕೈ ಹೊರಗೆ ಬರಲೇ ಇಲ್ಲ. ಬಾಯಾರಿಕೆ ಅಂದ. ನೀರು ಕೊಟ್ಟಳು, ಕುಡಿದ, ಸೈಕಲ್ ಹತ್ತಿ ಬಂದುಬಿಟ್ಟ.

ಹೆರಿಗೆಯಾಗಲಿ, ಆಮೇಲೆ ಕೊಡೋಣ. ಅವನು ಅಂದುಕೊಂಡಿದ್ದು ಅಷ್ಟೇ. ಆದರೆ ಸಾವಿನ ತಂತಿಯ ರಸೀದಿ ಅದೇ ದಿನ ಸಂಜೆಯೊಳಗೆ ಪೋಸ್ಟ್‌ಮಾಸ್ಟರರ ಮೇಜಿಗೆ ಬರಲೇಬೇಕು. ಓದು ಬಾರದವರಿದ್ದರೆ ಹೆಬ್ಬೆಟ್ಟು. ಕೌಂಟರಿನ ಮೂಲೆಯಲ್ಲಿ ನಿಂತು ಅವನು ಇಂಕ್ ಪ್ಯಾಡನ್ನೂ ತನ್ನ ಹೆಬ್ಬೆರಳನ್ನೂ ನೋಡಿದ. ಸರ್ಕಾರಿ ಕಾಗದದ ಮೇಲೆ ತನ್ನ ಹೆಬ್ಬೆಟ್ಟು ಬಿದ್ದರೆ ನಾಳೆ ತಾನೇ ಸಿಕ್ಕಿಹಾಕಿಕೊಳ್ಳುತ್ತೇನೆಂದು ಹೆದರಿ, ಪೆನ್ನು ತೆಗೆದು ಅವಳ ಹೆಸರು ಬರೆದ. ಕೈಗೆ ಬೇರೆ ಬರಹ ಬರುತ್ತಿರಲಿಲ್ಲ, ಬರುವುದನ್ನೇ ಬರೆಯಿತು. ಕೊನೆಯಲ್ಲಿ ಬಾಲವನ್ನೂ ಎಳೆಯಿತು.

ನಾಲ್ಕು ದಿನಕ್ಕೆ ಗಂಡು ಮಗು ಹುಟ್ಟಿತು. ಬಾಣಂತಿ ಎದ್ದು ಓಡಾಡುವಂತಾದ ಮೇಲೆ ಮಗುವನ್ನೆತ್ತಿಕೊಂಡು ದಿನಾ ಬಾಗಿಲಲ್ಲಿ ನಿಲ್ಲುತ್ತಿದ್ದಳು. ದಿನಾ ಅವನು ಏನೂ ಇಲ್ಲವೆಂದು ತಲೆಯಾಡಿಸಿ ಮುಂದೆ ಹೋಗುತ್ತಿದ್ದ. ಆರು ತಿಂಗಳಾದ ಮೇಲೆ ಕೈಕಾಲು ಹಿಡಿದು ವರ್ಗ ಮಾಡಿಸಿಕೊಂಡು ಊರು ಬಿಟ್ಟ. ಯಾವ ಊರಿನಿಂದ ಬಂದೆ ಅಂತ ಯಾರಾದರೂ ಕೇಳಿದರೆ ಬೇರೆ ಊರಿನ ಹೆಸರು ಹೇಳುವುದನ್ನು ರೂಢಿ ಮಾಡಿಕೊಂಡ.

ಈಗ ಜೆರಾಕ್ಸ್ ಎದ್ದು ಹೋಗಿ ಕಪಾಟಿನಿಂದ ಒಂದು ಡಬ್ಬ ತೆಗೆದು ಗೋಡೆಯ ಮೇಲಿನ ಸಹಿಯ ಪಕ್ಕಕ್ಕೆ ಹಿಡಿದ. ತಮಾಷೆ ಮಾಡದಿದ್ದರೆ ತಿಂದ ಅನ್ನ ಕರಗದ ಪ್ರಾಣಿ ಅದು. ಬಾಲ ಎಳೆದಿರುವುದು ಥೇಟ್ ನಮ್ಮ ಅಂಚೆಯಣ್ಣನ ಹಾಗೇ ಇದೆ, ಆ ಕಾಲದ ಪೋಸ್ಟಿನವರಿಗೆಲ್ಲ ಒಬ್ಬನೇ ಮೇಷ್ಟ್ರು ಅಕ್ಷರ ತಿದ್ದಿಸಿರಬೇಕು ಎಂದು ಹೊಟ್ಟೆ ಕುಲುಕಿಸಿ ನಕ್ಕ. ಅಂಚೆಯಣ್ಣನೂ ನಗಲು ಹೋದ. ಗಂಟಲಿನಿಂದ ಏನೋ ಒಂದು ಸದ್ದು ಬಂತು. 

ಟೀಚರಮ್ಮ ನಗಲಿಲ್ಲ. ಡಬ್ಬದ ಮೇಲಿನ ಚೀಟಿ ನೋಡಿದರು, ಗೋಡೆ ನೋಡಿದರು, ಕೊನೆಗೆ ಅಂಚೆಯಣ್ಣನನ್ನು ನೋಡಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು.

"ನಮ್ಮನೆಗೆ ತಂತಿ ಬಂತು," ಅಂದರು. "ಅಮ್ಮ ಎದೆ ಬಡ್ಕೊಂಡು ಅತ್ರು. ನಾವೆಲ್ಲ ಅತ್ವಿ. ಅಳೋದು ಮುಗೀತು, ಬದುಕಿದ್ವಿ. ಈ ಹೆಣ್ಣುಮಗಳಿಗೆ ಅಳೋಕೂ ಬಿಡಲಿಲ್ಲ."

ಆಮೇಲೆ ಸಾಮಾನ್ಯ ದನಿಯಲ್ಲೇ ಉಳಿದದ್ದನ್ನು ಹೇಳಿದರು. ಆಕೆ ಇನ್ನೂ ಬದುಕಿದ್ದಾಳೆ, ಅದೇ ಊರು, ಅದೇ ಮನೆ. ಆ ವರ್ಷ ಆ ಬೀದಿಗೆ ಯಾವ ಪೋಸ್ಟ್‌ಮ್ಯಾನ್ ಹೋಗುತ್ತಿದ್ದ ಎಂದು ತಿಳಿಯಲು ಅಂಚೆ ಕಚೇರಿಯ ಹಳೆಯ ಹಾಜರಿ ಪುಸ್ತಕ ಕೇಳಿ ಬರೆದಿದ್ದಾರೆ, ವಾರದಲ್ಲಿ ಉತ್ತರ ಬರುತ್ತದೆ. ಶನಿವಾರ ತಾವೇ ಆಕೆಯ ಮನೆಗೆ ಹೋಗುತ್ತಾರೆ. ಇಷ್ಟು ಹೇಳಿ ಕಾಗದಗಳನ್ನೆಲ್ಲ ಡಬ್ಬಕ್ಕೆ ಹಾಕಿ, ಡಬ್ಬವನ್ನು ಅಂಚೆಯಣ್ಣನ ತೊಡೆಯ ಮೇಲಿಟ್ಟರು.

"ಇದಕ್ಕಿನ್ನೂ ಚೀಟಿ ಬರೆದಿಲ್ಲ. ಮನೆಗೆ ತಗೊಂಡು ಹೋಗಿ ಬರೀರಿ. ಇವತ್ತು ಬುಧವಾರ."

ಡಬ್ಬವನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ನಡೆಯುವಾಗ ಅಂಚೆಯಣ್ಣನಿಗೆ ದಾರಿಯೇ ಕಾಣಲಿಲ್ಲ. ಅಸಲಿ ರಸೀದಿ ಇದರೊಳಗೇ ಇದೆ. ಟೀಚರಮ್ಮ ತನ್ನನ್ನು ನಂಬಿ ಕೊಟ್ಟರೋ, ಬೋನಿಗೆ ಬೀಳಲಿ ಎಂದು ಕೊಟ್ಟರೋ? ಗೊತ್ತಾಗಿದ್ದರೆ ಬೈಯಬೇಕಿತ್ತು, ಕಪಾಳಕ್ಕೆ ಹೊಡೆಯಬೇಕಿತ್ತು. ಗೊತ್ತಾಗದಿದ್ದರೆ ಇವತ್ತು ಬುಧವಾರ ಅಂತ ಯಾಕೆ ಹೇಳಬೇಕಿತ್ತು? ದಾರಿಯಲ್ಲಿ ಯಾರೋ ಹಿಂದಿನಿಂದ ಕೂಗಿದಾಗ ಡಬ್ಬವನ್ನು ಎದೆಗವಚಿಕೊಂಡ. ತಿರುಗಿ ನೋಡಿದರೆ, ಅವನು ಅಂಗಡಿಯಲ್ಲಿ ಬಿಟ್ಟು ಬಂದ ಕೊಡೆ ಹಿಡಿದುಕೊಂಡು ಜೆರಾಕ್ಸ್ ಓಡಿ ಬರುತ್ತಿದ್ದ. ಅಂಗಡಿಗೆ ಯಾವಾಗ ಹೋಗಿದ್ದೆನೆಂದೇ ಅವನಿಗೆ ನೆನಪಿರಲಿಲ್ಲ.

ಮನೆಯಲ್ಲಿ ಹೆಂಡತಿ ಹಿತ್ತಲಿನಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ಇವನು ಸೀದಾ ಒಳಗೆ ಹೋಗಿ, ಹೊಲಿಗೆ ಯಂತ್ರದ ಹಿಂದಿನಿಂದ ಬಿಸ್ಕತ್ತಿನ ಹಳೆಯ ಡಬ್ಬಿ ತೆಗೆದ. ಒಳಗೆ ಒಂದೇ ಒಂದು ಕಾಗದ. ಅಂಚು ಹಳದಿಯಾಗಿ, ನಾಲ್ಕು ಮಡಿಕೆ ಬಿದ್ದ ತಂತಿ. ಅದನ್ನೂ ರಸೀದಿಯನ್ನೂ ಒಟ್ಟಿಗೆ ಹಿಡಿದುಕೊಂಡು ಒಲೆಯ ಮುಂದೆ ಕೂತು ಕಡ್ಡಿ ಗೀರಿದ. ಮೊದಲನೆಯ ಕಡ್ಡಿ ಮುರಿಯಿತು, ಎರಡನೆಯದು ಆರಿತು. ಮೂರನೆಯದು ಹತ್ತಿಕೊಂಡಾಗ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು.

ಆ ಡಬ್ಬಿಯ ವಿಷಯ ಅವಳಿಗೆ ಮದುವೆಯಾದ ವರ್ಷದಿಂದ ಗೊತ್ತು. ಗಂಡ ಮುಚ್ಚಿಟ್ಟ ಕಾಗದವೆಂದರೆ ಅದು ಯಾವಳದೋ ಪ್ರೇಮಪತ್ರವೇ ಇರಬೇಕೆಂದು ತೀರ್ಮಾನಿಸಿ, ಮೂವತ್ತೆಂಟು ವರ್ಷ ಆ ಕಾಣದ ಸವತಿಯನ್ನು ಮನಸ್ಸಿನಲ್ಲೇ ಬೈದುಕೊಂಡು ಬಂದಿದ್ದಳು. ಆತ್ಮಗೌರವದ ಹೆಂಗಸು, ಒಂದು ದಿನವೂ ತೆಗೆದು ನೋಡಿರಲಿಲ್ಲ. ಈಗ ಕಡ್ಡಿಯನ್ನು ಊದಿ ಆರಿಸಿ, ಕಾಗದ ಕಿತ್ತುಕೊಂಡು ಓದಿದಳು. ಓದುತ್ತಾ ಓದುತ್ತಾ ಅಲ್ಲೇ ನೆಲದ ಮೇಲೆ ಕೂತಳು. ಅಂಚೆಯಣ್ಣ ಎಲ್ಲವನ್ನೂ ಹೇಳಿದ. ಬಡಗಿ ಬಿದ್ದದ್ದು, ಬಸುರಿ ನಕ್ಕದ್ದು, ಹೆಬ್ಬೆರಳು, ಬಾಲ, ಶನಿವಾರ, ಹಾಜರಿ ಪುಸ್ತಕ. 

"ಪ್ರೇಮಪತ್ರ ಆಗಿದ್ರೆ ಎಷ್ಟೋ ವಾಸಿಯಾಗಿತ್ತು ರೀ," ಅಂದಳು ಅವಳು ಕೊನೆಗೆ. "ಅವತ್ತು ಕೊಡಲಿಲ್ಲ, ಸರಿ. ನಾನಾಗಿದ್ರೂ ಕೊಡ್ತಿರಲಿಲ್ಲ. ಮಾರನೇ ದಿನ? ಅದರ ಮಾರನೇ ದಿನ?"

 ದಿನ ಕಳೆದಷ್ಟೂ ಆ ಕಾಗದ ಭಾರವಾಯಿತು ಅಂದ ಅವನು. ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ಕೊಟ್ಟು ಬನ್ನಿ ಅಂದಳು ಹೆಂಡತಿ. ಹೋಗುತ್ತೇನೆ ಅಂದ. ಆದರೆ ಹಾಸಿಗೆಯಲ್ಲಿ ಹೊರಳಾಡುತ್ತಾ ಒಂದು ಉಪಾಯ ಹೊಳೆಯಿತು: ತಂತಿಯೂ ಗೋಣಿಚೀಲದಲ್ಲೇ ಸಿಕ್ಕಿತು ಅಂದುಬಿಡುವುದು. ಪೋಸ್ಟಿನವರು ಯಾರೋ ತಪ್ಪು ಮಾಡಿದ್ದಾರೆ ತಾಯಿ, ನಮ್ಮ ಕೈಗೆ ಈಗ ಬಂತು. ಎಂಬತ್ತಮೂರು ಮನೆಯಲ್ಲಿ ನಿಂತ ಮುಖ ಇದು, ಎಂಬತ್ನಾಲ್ಕನೆಯದರಲ್ಲೂ ನಿಲ್ಲುತ್ತದೆ. ಆಕೆಗೆ ಸುದ್ದಿ ಮುಟ್ಟುತ್ತದೆ, ತಾನೂ ಉಳಿದುಕೊಳ್ಳುತ್ತೇನೆ. ಹಾಗಂದುಕೊಂಡ ಮೇಲೆ ಒಂದು ಗಳಿಗೆ ನಿದ್ದೆ ಬಂತು.

ಮೂರು ಗಂಟೆಯ ಬಸ್ ದಾರಿ. ಊರು ಗುರುತು ಸಿಗದಷ್ಟು ಬೆಳೆದಿತ್ತು, ಬೀದಿ ಮಾತ್ರ ಹಾಗೇ ಇತ್ತು. ತಿರುವಿನಲ್ಲಿ ಅದೇ ಏರು. ಆಗ ಆ ಏರಿನಲ್ಲಿ ಸೈಕಲ್ ಇಳಿದು ತಳ್ಳುತ್ತಿದ್ದ. ಈಗ ಸೈಕಲ್ ಇಲ್ಲದೆಯೂ ಎರಡು ಸಲ ನಿಂತ. ಎರಡೂ ಸಲ ವಾಪಸು ಹೋಗಿಬಿಡೋಣ ಅನ್ನಿಸಿತು. ಬಡಗಿಯ ಮನೆಯಿದ್ದ ಜಾಗದಲ್ಲಿ ಟೈರಿನ ಅಂಗಡಿ ಬಂದಿತ್ತು. ಅದರ ಮುಂದೆ ಹಾದುಹೋಗುವಾಗ ಅವನು ಕಾಲಿನ ಹತ್ತಿರ ನೋಡಲಿಲ್ಲ.

ಆಕೆಯ ಮನೆಯ ಜಗಲಿಯಲ್ಲಿ ಒಂದು ಬೆಂಚು, ಬೆಂಚಿನ ಮೇಲೆ ಕಾಯುತ್ತಾ ಕೂತ ಒಬ್ಬ ಮುದುಕ, ನೀಲಿ ಬಟ್ಟೆಯ ಒಬ್ಬ ಹೆಂಗಸು. ಅವರೆದುರು ಒಂದು ಸಣ್ಣ ಮೇಜು, ಮೇಜಿನ ಹಿಂದೆ ಬಿಳಿಗೂದಲ ಹೆಂಗಸು. ಕೈಯಲ್ಲಿ ಪೆನ್ನು. ಜನ ತರುವ ಅರ್ಜಿಗಳನ್ನು ತುಂಬಿಕೊಡುತ್ತಿದ್ದಳು. ಅಂಚೆಯಣ್ಣ ಸುಮ್ಮನೆ ಬೆಂಚಿನ ತುದಿಯಲ್ಲಿ ಕೂತ. ಮುಂದಿದ್ದ ಮುದುಕ ಎದ್ದು ಹೋದ, ಇವನು ಒಂದು ಜಾಗ ಮುಂದೆ ಸರಿದ. ನೀಲಿ ಬಟ್ಟೆಯ ಹೆಂಗಸಿನ ಕೆಲಸ ಬೇಗ ಮುಗಿಯದಿರಲಿ ದೇವರೇ ಎಂದು ಬೇಡಿಕೊಂಡ. ಅದೂ ಮುಗಿಯಿತು. ಜಗಲಿ ಖಾಲಿಯಾಯಿತು.

ಯಾವ ಅರ್ಜಿ ಅಂತ ಆಕೆ ತಲೆ ಎತ್ತದೆ ಕೇಳಿದಳು. ದಾರಿಯುದ್ದಕ್ಕೂ ಉರುಹೊಡೆದಿದ್ದ ಮಾತುಗಳೆಲ್ಲ ಎಲ್ಲಿಗೆ ಹೋದವೋ. ಅಭ್ಯಾಸದ ಬಲದಿಂದ ಬಾಯಿಗೆ ಬಂದದ್ದು ಒಂದೇ ಮಾತು, ಕುಡಿಯೋಕೆ ನೀರು.

ಪೆನ್ನು ನಿಂತಿತು. ಆಕೆ ತಲೆ ಎತ್ತಿ ಅವನ ಮುಖವನ್ನು ನೋಡಿದಳು. ಬೋಳು ತಲೆ, ಬಿಳಿ ಮೀಸೆ, ಕೊಡೆಯ ಹಿಡಿಯನ್ನು ಹಿಸುಕುತ್ತಿದ್ದ ಕೈ, ಎಲ್ಲವನ್ನೂ ನಿಧಾನವಾಗಿ ನೋಡಿದಳು.

"ಅವತ್ತೂ ನೀರೇ ಕೇಳಿದ್ರಿ," ಅಂದಳು.

 ಮನುಷ್ಯನ ಭಯಕ್ಕೆ ನಾಚಿಕೆಯೆಂಬುದಿಲ್ಲ. ಗುರುತು ಸಿಕ್ಕಿದ ಮೇಲೂ ಅವನು ಜೇಬಿನಿಂದ ತಂತಿ ತೆಗೆದು ಮೇಜಿನ ಮೇಲಿಟ್ಟು, ಗೋಣಿಚೀಲ, ಗೋದಾಮು, ಲೈಬ್ರರಿ ಅಂತ ಶುರುಮಾಡಿದ. ಆಕೆ ಅದನ್ನು ಓದುವ ಮೊದಲು ಬೆರಳಿನಿಂದ ಮಡಿಕೆಗಳನ್ನು ಸವರಿದಳು. ವರ್ಷಗಟ್ಟಲೆ ಕಾಗದದ ಜೊತೆಗೇ ಬದುಕಿದ ಕೈ ಅದು.

"ಚೀಲದಲ್ಲಿದ್ದ ಕಾಗದ ಅಂಗಿ ಜೇಬಿನ ಅಳತೆಗೆ ಮಡಿಸಿರಲ್ಲ," ಅಂದಳು.

ಅಷ್ಟಕ್ಕೆ ಅವನ ಉಪಾಯ ಮುಗಿಯಿತು. ಅವನು ಕೊಡೆಯನ್ನು ನೆಲದ ಮೇಲಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಬೆರಳುಗಳ ಹಿಂದಿನಿಂದಲೇ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಹೆದರಿಕೆಯಾಯಿತು ಅಂದ. ಆವತ್ತು ನಿಮಗೇನಾದರೂ ಆಗುತ್ತದೆಂದು ಹೆದರಿಕೆ, ಮಾರನೇ ದಿನದಿಂದ ನಿಮ್ಮದೇ ಹೆದರಿಕೆ.  ಎದುರಿನ ಮನೆಯಲ್ಲಿ ಯಾರೋ ಕುಕ್ಕರ್ ಇಳಿಸಿದ ಸದ್ದು ಕೇಳಿಸಿತು.

"ಮಗೂನ ಎತ್ಕೊಂಡು ದಿನಾ ಬಾಗಿಲಲ್ಲಿ ನಿಂತು ಕೇಳ್ತಿದ್ದೆನಲ್ಲ, ಏನಾದ್ರೂ ಬಂತಾ ಅಂತ. ಏನಂತಿದ್ರಿ?"

"ಇವತ್ತೇನೂ ಇಲ್ಲಮ್ಮ ಅಂತಿದ್ದೆ."

"ಎಷ್ಟು ದಿನ?"

"ಆರು ತಿಂಗಳು."

ಆಕೆ ತಲೆಯಾಡಿಸಿದಳು, ಅರ್ಜಿಯ ಒಂದು ಖಾಲಿ ಜಾಗ ತುಂಬಿದ ಹಾಗೆ. ಆಮೇಲೆ ಬೇರೆ ಯಾರದೋ ಕಥೆಯೆಂಬಂತೆ ತನ್ನದನ್ನು ಹೇಳಿದಳು. ಮೊದಲನೆಯ ಪತ್ರ ಬರೆದುಕೊಟ್ಟವನು ತಾನು ಹೇಳಿದ್ದನ್ನೆಲ್ಲ ಬರೆದನೋ ಇಲ್ಲವೋ ಎಂಬ ಅನುಮಾನಕ್ಕೆ, ಎರಡನೆಯದನ್ನು ತಾನೇ ಬರೆಯಬೇಕೆಂದು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಅಕ್ಷರ ಕಲಿತಳು. ಐದು ಪತ್ರ ಬರೆದು ಸಾಕಾದ ಮೇಲೆ ಬೇರೆಯವರಿಗೆ ಬರೆದುಕೊಡಲು ಕೂತಳು. ಅಚ್ಚುಕೂಟದಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಒಳ್ಳೆಯ ಮನುಷ್ಯ ಅವಳನ್ನು ಮದುವೆಯಾಗುತ್ತೇನೆಂದು ಏಳು ವರ್ಷ ಕಾದ. ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಓಡಾಡಿಸುತ್ತಿದ್ದ. ನನ್ನ ಗಂಡ ಬದುಕಿದ್ದಾನೆ ಅಂದಳು ಇವಳು. ಎಂಟನೆಯ ವರ್ಷ ಅವನು ಊರು ಬಿಟ್ಟ.

"ನಿಮ್ಮ ಮೇಲೆ ಕೂಗಾಡಬಹುದು," ಅಂದಳು. "ಕೂಗಾಡಿದ್ರೆ ನೀವು ಹಗುರಾಗಿ ಮನೆಗೆ ಹೋಗ್ತೀರಿ. ಅದು ಬೇಡ. ಓದಿ."

ಏನು ಎಂದು ಅವನಿಗೆ ಅರ್ಥವಾಗಲಿಲ್ಲ. ಆಕೆ ತಂತಿಯನ್ನು ಅವನ ಕಡೆಗೆ ತಳ್ಳಿದಳು. ಅವರ ಕಾಗದಗಳನ್ನೆಲ್ಲ ನೀವೇ ಓದಿ ಹೇಳುತ್ತಿದ್ದಿರಿ, ಇದನ್ನೂ ನೀವೇ ಓದಬೇಕು ಅಂದಳು. ಅಂಚೆಯಣ್ಣ ಕನ್ನಡಕ ಹಾಕಿಕೊಂಡ. ಎಂಬತ್ತಮೂರು ಮನೆಯಲ್ಲಿ ಓದಿದ ದನಿ ಎಲ್ಲಿಯೋ ಅಡಗಿಹೋಗಿ, ಇಪ್ಪತ್ತೆರಡರ ಹುಡುಗನ ದನಿ ಹೊರಬಂತು. ನಿಮ್ಮ ಪತಿಯವರು ಈ ತಿಂಗಳ ಒಂಬತ್ತನೇ ತಾರೀಕು ನದಿ ದಾಟುವಾಗ ಶತ್ರುವಿನ ಗುಂಡಿಗೆ ಬಲಿಯಾದರೆಂದು ತಿಳಿಸಲು ವಿಷಾದಿಸುತ್ತೇವೆ. ಎರಡು ಸಲ ನಿಲ್ಲಿಸಿ ಉಸಿರೆಳೆದುಕೊಂಡು ಮುಗಿಸಿದ. ಆಕೆ ಅಳಲಿಲ್ಲ. ಮೇಜಿನ ಮೇಲಿದ್ದ ಅರ್ಜಿಗಳ ಅಂಚನ್ನು ಸರಿಮಾಡಿದಳು, ಮತ್ತೆ ಸರಿಮಾಡಿದಳು, ಮೂರನೆಯ ಸಲವೂ ಮಾಡಿದಳು.

"ಒಂಬತ್ತನೇ ತಾರೀಕು," ಅಂದಳು. "ಅವತ್ತು ನಾನು ಅವರಿಗೆ ಅಂತ ಸ್ವೆಟರ್ ಹೆಣೆಯೋಕೆ ಉಣ್ಣೆ ತಂದಿದ್ದೆ."

ಆಮೇಲೆ ರಸೀದಿ ಎಲ್ಲಿ ಎಂದು ಕೇಳಿದಳು. ಅವನು ಜೇಬಿನಿಂದ ಅದನ್ನು ತೆಗೆದು ಮೇಜಿನ ಮೇಲಿಟ್ಟ. ಆಕೆ ಆ ಚಂದದ ಸಹಿಯನ್ನೂ ಅದರ ಬಾಲವನ್ನೂ ಸ್ವಲ್ಪ ಹೊತ್ತು ನೋಡಿ, ಅದರ ಮೇಲೆ ನೆಟ್ಟಗೆ ಒಂದು ಗೆರೆ ಎಳೆದಳು. ಕೆಳಗೆ ತನ್ನ ಸಹಿ ಹಾಕಿದಳು. ಬೆಳೆದು ದೊಡ್ಡವರಾದ ಮೇಲೆ ಅಕ್ಷರ ಕಲಿತವರ ಬರಹ. ಒಂದೊಂದು ಅಕ್ಷರವೂ ಬೇರೆ ಬೇರೆ ನಿಂತಿತ್ತು. ಪಕ್ಕದಲ್ಲಿ ಇವತ್ತಿನ ತಾರೀಕು ಬರೆದು ರಸೀದಿಯನ್ನು ಅವನಿಗೆ ವಾಪಸು ಕೊಟ್ಟಳು. ಇನ್ನು ಎದ್ದು ಹೋಗಬಹುದೇನೋ ಎಂದು ಅಂಚೆಯಣ್ಣ ಕೊಡೆಗೆ ಕೈ ಚಾಚಿದ.

ಅಷ್ಟರಲ್ಲಿ ಗೇಟು ಕಿರುಗುಟ್ಟಿತು. ಗ್ರೀಸ್ ಮೆತ್ತಿದ ಅಂಗಿಯ, ನಡುವಯಸ್ಸಿನ ಒಬ್ಬ ಗಂಡಸು ಊಟದ ಹೊತ್ತಿಗೆ ಮನೆಗೆ ಬಂದಿದ್ದ. ಡಬ್ಬದಲ್ಲಿದ್ದ ಫೋಟೋದ ಹುಡುಗನಿಗಿಂತ ಇವನು ಈಗ ಇಪ್ಪತ್ತು ವರ್ಷ ದೊಡ್ಡವನು. ಕಿವಿಗಳು ಮಾತ್ರ ಅವೇ, ಒಂದಿಷ್ಟು ಮುಂದಕ್ಕೆ ಚಾಚಿದವು. ಕೊಡೆಯತ್ತ ಹೋದ ಕೈಯನ್ನು ಅಂಚೆಯಣ್ಣ ಹಿಂದಕ್ಕೆ ತೆಗೆದುಕೊಂಡ. ಹೆರಿಗೆಯಾಗಲಿ ಎಂದು ಯಾರಿಗಾಗಿ ಕಾದಿದ್ದನೋ ಆ ಮಗು ಮೆಟ್ಟಿಲು ಹತ್ತಿ ಬರುತ್ತಿತ್ತು. ಅವನು ಬೇಡುವ ಹಾಗೆ ಆಕೆಯ ಮುಖ ನೋಡಿದ. ಆಕೆ ಪೆನ್ನಿಗೆ ಟೋಪಿ ಹಾಕುತ್ತಿದ್ದಳು.

"ಯಾರಮ್ಮಾ ಬಂದಿರೋದು?" ಅಂದ ಮಗ.

"ಪೋಸ್ಟು," ಅಂದಳು ಆಕೆ. "ಕೂತ್ಕೋ. ನಿನಗೊಂದು ತಂತಿ ಇದೆ, ಅವರು ಓದ್ತಾರೆ."

ಮಗ ಬೆಂಚಿನ ಮೇಲೆ ಕೂತ. ಅಂಚೆಯಣ್ಣ ಎದ್ದು ನಿಂತು, ಆ ಕಾಗದವನ್ನು ಮತ್ತೆ ಬಿಡಿಸಿದ.